ಕ್ಯಾರವಾನ್ ಬಾಡಿಗೆಗೆ ತಗೊಳ್ಳೋರೇ, ಮೊದಲು ಸ್ಲೈಡ್ ಮುಚ್ಚಿಸಿ ನೋಡಿ

ಹುಬ್ಬಳ್ಳಿ-ಧಾರವಾಡ ಕಡೆ ಯಾರಾದರೂ ಸ್ಲೈಡ್‌ಔಟ್ (ಗಾಡಿ ನಿಂತಾಗ ಗೋಡೆ ಸಮೇತ ಹೊರಗೆ ಸರಿಯುವ ಭಾಗ) ಇರುವ ಕ್ಯಾರವಾನ್ ಬಾಡಿಗೆಗೆ ನೋಡ್ತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಗಾಡಿ ತಗೊಂಡಿದ್ದೇ ಅವ್ವನ ಸಲುವಾಗಿ. ಮೊಣಕಾಲು ನೋವು, ಮೇಲೆ ಸಕ್ಕರೆ ಕಾಯಿಲೆ. ಪದೇ ಪದೇ ಬಾತ್‌ರೂಮಿಗೆ ಹೋಗಬೇಕು. ಲಕ್ಕುಂಡಿ ಗುಡಿಗಳನ್ನು ನೋಡಬೇಕು, ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಮೊಮ್ಮಕ್ಕಳ ಜೊತೆ ನೋಡಬೇಕು ಅಂತ ಅವಳ ಆಸೆ. ಇದನ್ನೆಲ್ಲ ಮಾಲೀಕನ ಮುಂದೆ ಬಿಡಿಸಿ ಹೇಳಿದ್ದೆ. "ಟಾಯ್ಲೆಟ್ ಒಳಗ ಐತ್ರಿ, ಚಿಂತೀನ ಬಿಡ್ರಿ" ಅಂದಿದ್ದ.

ಶೆಡ್ಡಿನಲ್ಲಿ ಎರಡೂ ಸ್ಲೈಡ್ ಬಿಚ್ಚಿ ನಿಲ್ಲಿಸಿದ್ದ. ಒಂದು ಕಡೆ ಸೋಫಾ, ಊಟದ ಟೇಬಲ್. ಹಿಂದೆ ಅಗಲವಾದ ಮಂಚ. ನಡುವೆ ಮಕ್ಕಳು ಓಡಾಡುವಷ್ಟು ಜಾಗ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋಗಳೂ ಬಿಚ್ಚಿದವೇ. ಮುಚ್ಚಿದ್ದು ಒಂದೂ ಇಲ್ಲ. ಯಾಕೆ ಅಂತ ಈಗ ಗೊತ್ತಾಗ್ತಿದೆ. ಹಿಂದಿನ ಸಂಜೆ ಸಾಮಾನು ತುಂಬಿಸಿದ್ದೂ ಅಲ್ಲೇ, ಬಿಚ್ಚಿದ ಗಾಡಿಗೇ. ಬುತ್ತಿ, ಮೊಸರು, ನೀರು ಎಲ್ಲ ಅವನೇ ಮುಂದೆ ನಿಂತು ಫ್ರಿಡ್ಜಿಗೆ ಇಡಿಸಿದ. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆವು!

ನಮ್ಮಲ್ಲಿ ರಸ್ತೆ ಮೇಲೆ ಓಡುವ ಗಾಡಿಯ ಅಗಲ 2.6 ಮೀಟರ್ ದಾಟುವಂತಿಲ್ಲ. ಅದಕ್ಕೇ ಈ ಸ್ಲೈಡ್. ನಿಂತಾಗ ಗೋಡೆ ಸಮೇತ ಸೋಫಾ ಎರಡು ಮೂರು ಅಡಿ ಹೊರಗೆ ಹೋಗುತ್ತದೆ, ಹೊರಡುವಾಗ ಒಳಗೆ ಬರುತ್ತದೆ. ಇದು ನನಗೂ ಗೊತ್ತಿತ್ತು. ಆದರೆ ಒಳಗೆ ಬಂದಾಗ ಯಾವುದಕ್ಕೆ ಅಡ್ಡ ಬರುತ್ತದೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಕೆಲವು ಗಾಡಿಗಳಲ್ಲಿ ಎಲ್ಲ ಮುಚ್ಚಿದರೂ ಬಾತ್‌ರೂಮಿಗೆ ದಾರಿ ಬಿಟ್ಟಿರುತ್ತಾರೆ. ಇದರಲ್ಲಿ ಬಿಟ್ಟಿರಲಿಲ್ಲ.

ಬೆಳಗ್ಗೆ ಡ್ರೈವರ್ ಗಾಡಿ ಮನೆಗೆ ತಂದ. ಎಲ್ಲರೂ ಮುಂದೆ ಬೆಲ್ಟ್ ಇರುವ ಸೀಟುಗಳಲ್ಲಿ ಕೂತೆವು. ಹೊರಡುವ ಗಡಿಬಿಡಿಯಲ್ಲಿ ಹಿಂದೆ ಯಾರು ನೋಡ್ತಾರೆ? ಲಕ್ಕುಂಡಿ ಚೆನ್ನಾಗೇ ಆಯಿತು. ಗದಗ ದಾಟಿ ಲಕ್ಷ್ಮೇಶ್ವರದ ಕಡೆ ಹೊರಟಾಗ ಅವ್ವ ಬಾತ್‌ರೂಮ್ ಅಂದಳು. ಗಾಡಿ ನಿಲ್ಲಿಸಿ ಹಿಂದೆ ಹೋದೆ. ಸೋಫಾ ಬಂದು ಅಡಿಗೆ ಕಟ್ಟೆಗೆ ಅಂಟಿಕೊಂಡಿದೆ. ಅಡ್ಡಡ್ಡ ನುಸುಳಿ ಹೋಗಿ ಬಾತ್‌ರೂಮ್ ಬಾಗಿಲು ಎಳೆದರೆ ನಾಲ್ಕು ಬೆರಳು ತೆರೆದು ಸೋಫಾಕ್ಕೆ ಬಡಿದು ನಿಂತಿತು. ನಾಲ್ಕೇ ಬೆರಳು! ಫ್ರಿಡ್ಜಿನದೂ ಅದೇ ಕಥೆ. ಬುತ್ತಿ ಒಳಗೆ, ನಾವು ಹೊರಗೆ.

ಡ್ರೈವರ್ ಹುಡುಗ ತಣ್ಣಗೆ ಹೇಳಿದ: "ಸ್ಲೈಡ್ ತಗೀಬೇಕ್ರಿ. ಇಲ್ಲಿ ಆಗಂಗಿಲ್ಲ. ನೆಲ ಸಮ ಇರಬೇಕು, ಜಾಕ್ ಇಳಿಸಬೇಕು, ಎರಡೂ ಕಡೆ ಮೂರ್ ಮೂರ್ ಅಡಿ ಬೇಕು." ಒಂದು ಕಡೆ ಲಾರಿಗಳು ಓಡ್ತಿವೆ, ಇನ್ನೊಂದು ಕಡೆ ಇಳಿಜಾರು, ಜಾಲಿ ಕಂಟಿ. ಅವ್ವ ಮುಖ ಹಿಂಡಿಕೊಂಡು ಕೂತಿದ್ದಾಳೆ. ಪೆಟ್ರೋಲ್ ಬಂಕ್ ಸಿಗುವವರೆಗೆ ಹಾಗೇ ಕೂತಿದ್ದಳು. ಬಾತ್‌ರೂಮ್ ಇರುವ ಗಾಡಿಗೆ ದುಡ್ಡು ಸುರಿದು ಬಂಕಿನ ಬಾತ್‌ರೂಮ್ ಹುಡುಕೋದು ಅಂದ್ರೆ!

ಮಾಲೀಕನಿಗೆ ಫೋನ್ ಹಚ್ಚಿದೆ. ಅವನ ಉತ್ತರ ಕೇಳಿ: "ಸರ್, ನಾ ಟಾಯ್ಲೆಟ್ ಐತಿ ಅಂದಿದ್ದೆ. ಐತೋ ಇಲ್ಲೋ?"

ಐತಿ. ನಾಲ್ಕು ಬೆರಳಿನ ಸಂದಿಯಲ್ಲಿ ಕಾಣ್ತದೆ.

"ಮುಚ್ಚಿದಾಗ ಬಾಗಿಲ ತಗಿಯಾಕ ಬರಂಗಿಲ್ಲ ಅಂತ ಹೇಳಬೇಕಿತ್ತಲ್ರೀ?"

"ನೀವು ಕೇಳಲಿಲ್ರಿ."

ನಾನು ಏನೇ ಅಂದರೂ ಇದೊಂದೇ ಮಾತು. ನೀವು ಕೇಳಲಿಲ್ರಿ. ಅವ್ವನ ಮೊಣಕಾಲಿನ ವಿಷಯ, ಸಕ್ಕರೆ ಕಾಯಿಲೆ ವಿಷಯ ಎಲ್ಲ ಹೇಳಿದ ಮೇಲೆ ಇನ್ನೇನು ಕೇಳಬೇಕಿತ್ತು?

ರಾತ್ರಿ ಬೆಟಗೇರಿಯಲ್ಲಿ ಸೋದರಮಾವನ ಮನೆ. ಗಾಡಿಯಲ್ಲೇ ಮಲಗ್ತೀವಿ, ಬಂದು ನೋಡ್ರಿ ಅಂತ ವಾರದ ಮುಂಚೆನೇ ಜಂಬ ಕೊಚ್ಚಿಕೊಂಡಿದ್ದೆವು. ಓಣಿಯಲ್ಲಿ ಸ್ಲೈಡ್ ಬಿಚ್ಚಲು ಎಲ್ಲಿ ಜಾಗ? ಮಂಚವೂ ಅರ್ಧ ಮಡಚಿಕೊಂಡಿತ್ತು. ಅಕ್ಕಪಕ್ಕದ ಮನೆಯವರೂ ನೋಡೋಕೆ ಬಂದರು, ಇಬ್ಬರು ಹತ್ತಿದರೆ ಮೂರನೆಯವರಿಗೆ ಕಾಲಿಡಲು ಆಗಲಿಲ್ಲ. ಅತ್ತಿ ಇಣುಕಿ ನೋಡಿ, "ಗೋದಾಮಿನಾಗ ಮಲಗ್ತೀರೇನ?" ಅಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು, ಮತ್ತೇನು ಮಾಡೋದು. ಮಾವನ ಮನೆಯಲ್ಲೇ ಹಾಸಿಗೆ ಹಾಸಿದರು. ಆ ರಾತ್ರಿಯ ಬಾಡಿಗೆ ಬಿಡಪ್ಪಾ ಅಂದರೆ, "ಗಾಡಿ ನಿಮ್ಮ ಹತ್ರಾನ ಇತ್ತಲ್ರಿ. ಮಲಗೋದು ಬಿಡೋದು ನಿಮ್ಮಿಷ್ಟ" ಅಂತಾನೆ.

ನೀವು ಹೋದರೆ ಸ್ಲೈಡ್ ಪೂರ್ತಿ ಮುಚ್ಚಿಸಿ. ನಂತರ ಒಳಗೆ ಹೋಗಿ ಬಾತ್‌ರೂಮ್, ಫ್ರಿಡ್ಜ್, ಕಪಾಟು ಎಲ್ಲದರ ಬಾಗಿಲು ತೆಗೆದು ನೋಡಿ. ಮಂಚದ ಮೇಲೆ ಕಾಲು ಚಾಚಿ ನೋಡಿ. ಮುಚ್ಚಿದ ಗಾಡಿಯ ವಿಡಿಯೋ ಮಾಡ್ಕೊಳ್ಳಿ. ಮುಚ್ಚೋಕೆ ಗೊಣಗಿದರೆ ಅಲ್ಲಿಂದಲೇ ವಾಪಸ್ ಬನ್ನಿ. ರಾತ್ರಿ ಎಲ್ಲಿ ನಿಲ್ಲಿಸ್ತೀರಿ ಅನ್ನೋದೂ ಮೊದಲೇ ನೋಡ್ಕೊಳ್ಳಿ, ನಮ್ಮ ಊರುಗಳ ಓಣಿಗಳಿಗೆ ಈ ಗಾಡಿ ಅಲ್ಲವೇ ಅಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬಾತ್‌ರೂಮ್ ಬಾಗಿಲು ಬಡಿದು ಸೋಫಾದ ಅಂಚು ಕೆತ್ತಿದೆಯಂತೆ. ಡಿಪಾಜಿಟ್‌ನಲ್ಲಿ 3,000 ಮುರಿದುಕೊಂಡ. ತೆರೆಯದ ಬಾಗಿಲಿನ ಗುರುತಿಗೂ ನಾವೇ ದುಡ್ಡು ಕೊಡಬೇಕು! ರಿಪೇರಿ ಬಿಲ್ ಕಳಿಸು ಅಂದೆ, ಇನ್ನೂ ಕಳಿಸಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ ಅಂದೆ. "ಕೊಡ್ರಿ" ಅಂದ. ಕೊಡ್ತೀನಿ.