ಹೆಡ್‌ಸೆಟ್ ತೊಟ್ಟು ಹಾರಾಟ ಕಲಿಸಿದ ಎರಡು ವರ್ಷ: ಬೋಧಕನೊಬ್ಬನ ವಿಮರ್ಶೆ

ಲಘುವಿಮಾನ ಹಾರಾಟದ ಬೋಧಕನಾಗಿ ನಾನು ಎರಡು ವರ್ಷಗಳಿಂದ ಕಣ್ಣಿನ ಮುಂದೆ ಪರದೆ ಹಿಡಿಯುವ ಹೆಡ್‌ಸೆಟ್ ಆಧಾರಿತ ಸಿಮ್ಯುಲೇಟರ್ ಬಳಸುತ್ತಿದ್ದೇನೆ. ಮೊದಲ ಎಂಟು ತಿಂಗಳು ಬಳಸಿದ್ದು ಕಾಣುವುದೆಲ್ಲ ಕಂಪ್ಯೂಟರ್ ಚಿತ್ರವೇ ಆಗಿರುವ ಪೂರ್ಣ ವರ್ಚುವಲ್ ರಿಯಾಲಿಟಿಯನ್ನು. ಆಮೇಲೆ ಬಂದದ್ದು ಎದುರಿನ ನಿಜವಾದ ಸ್ವಿಚ್ಚು, ಲಿವರ್‌ಗಳನ್ನು ಕ್ಯಾಮೆರಾ ಮೂಲಕ ತೋರಿಸುವ ಮಿಕ್ಸೆಡ್ ರಿಯಾಲಿಟಿ.

ಇದರ ನಿಜವಾದ ಲಾಭ ನನಗೆ ಕಂಡದ್ದು ಸರ್ಕ್ಯೂಟ್, ಅಂದರೆ ರನ್‌ವೇಯ ಪಕ್ಕದಲ್ಲಿ ಆಯತಾಕಾರವಾಗಿ ಸುತ್ತು ಹಾಕಿ ಮತ್ತೆ ಇಳಿಯುವ ಅಭ್ಯಾಸದಲ್ಲಿ. ಡೌನ್‌ವಿಂಡ್‌ನಲ್ಲಿ (ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ) ಸಾಗುವಾಗ ರನ್‌ವೇಯ ತುದಿ ಹೆಗಲ ಹಿಂದಕ್ಕೆ ಸುಮಾರು 45 ಡಿಗ್ರಿ ಸರಿದ ಮೇಲೆ ಬೇಸ್‌ಗೆ (ರನ್‌ವೇಗೆ ಅಡ್ಡಲಾಗಿ ಸಾಗುವ ಮುಂದಿನ ಹಂತಕ್ಕೆ) ತಿರುಗಬೇಕೆಂದು ಎಷ್ಟು ಹೇಳಿದರೂ, ನಮ್ಮ ಹಳೆಯ ಮೂರು ಪರದೆಗಳ ಸಾಧನದಲ್ಲಿ ಆ ದಿಕ್ಕಿನಲ್ಲಿ ಇದ್ದದ್ದು ಕೋಣೆಯ ಗೋಡೆ. ಹಾಗಾಗಿ ವಿದ್ಯಾರ್ಥಿಗಳು ಸೆಕೆಂಡುಗಳನ್ನು ಎಣಿಸಿ ತಿರುಗುತ್ತಿದ್ದರು. ಈಗ ಅವರು ಕತ್ತು ಹೊರಳಿಸಿ ರನ್‌ವೇಯನ್ನೇ ನೋಡುತ್ತಾರೆ. ಆದರೆ ಫ್ಲೇರ್, ಅಂದರೆ ನೆಲ ಮುಟ್ಟುವ ಮುನ್ನ ಮೂತಿ ಎತ್ತಿ ಇಳಿಕೆಯನ್ನು ನಿಧಾನಿಸುವುದನ್ನು ಕಲಿಸಲು ನಾನು ಇದನ್ನು ನೆಚ್ಚುವುದಿಲ್ಲ. ನೆಲ ಮೇಲೇರಿ ಬರುವುದನ್ನು ಪೈಲಟ್ ಬಹುಪಾಲು ಕಡೆಗಣ್ಣಿನಿಂದ ಗ್ರಹಿಸುತ್ತಾನೆ, ಹೆಡ್‌ಸೆಟ್ ಕತ್ತರಿಸಿ ಬಿಡುವುದು ಆ ಅಂಚನ್ನೇ.

ವರ್ಚುವಲ್ ರಿಯಾಲಿಟಿಯ ಹಂತದಲ್ಲಿ ಕೈಗಳದ್ದೇ ತೊಡಕು. ಚಿತ್ರದ ಕೈ ಫ್ಲ್ಯಾಪ್ ಲಿವರನ್ನು ಮುಟ್ಟಿದಾಗ ನಿಜವಾದ ಕೈ ಒಂದೆರಡು ಅಂಗುಲ ಆಚೆ ಗಾಳಿಯಲ್ಲಿ ತಡವರಿಸುತ್ತಿತ್ತು. ತೊಡೆಯ ಮೇಲಿನ ಚೆಕ್‌ಲಿಸ್ಟ್ ಅಂತೂ ಕಾಣುತ್ತಲೇ ಇರಲಿಲ್ಲ. ಮಿಕ್ಸೆಡ್ ರಿಯಾಲಿಟಿ ಇವೆರಡನ್ನೂ ನೀಗಿಸಿತು. ಬೆಳಕು ಕಡಿಮೆಯಾದರೆ ಕ್ಯಾಮೆರಾದ ಚಿತ್ರ ಮರಳುಮರಳಾಗುವುದರಿಂದ ಕೋಣೆಯ ದೀಪಗಳನ್ನು ಬದಲಿಸಬೇಕಾಯಿತು, ಅಷ್ಟೇ.

ವಿಮಾನದ ಓಲಾಟವನ್ನು ಅನುಕರಿಸಲು ಆಸನದಡಿ ಚಲಿಸುವ ವೇದಿಕೆಯನ್ನು ಜೋಡಿಸಿದ ಮೊದಲ ವಾರ ವೇದಿಕೆಯ ಓಲಾಟವನ್ನೂ ಹೆಡ್‌ಸೆಟ್ ತಲೆಯ ಚಲನೆಯೆಂದೇ ಎಣಿಸಿ ದಿಗಂತವನ್ನು ಜಾರಿಸುತ್ತಿತ್ತು, ಇಬ್ಬರು ವಿದ್ಯಾರ್ಥಿಗಳಿಗೆ ವಾಕರಿಕೆ ಬಂತು. ವೇದಿಕೆಗೇ ಪ್ರತ್ಯೇಕ ಸಂವೇದಕವನ್ನು ಅಳವಡಿಸಿ ಆ ಚಲನೆಯನ್ನು ಲೆಕ್ಕದಿಂದ ಕಳೆದ ಮೇಲೆ ಅದು ಸರಿಹೋಯಿತು. ಹೊಸಬರಿಗೆ ಇಂದಿಗೂ ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ.

ನನ್ನ ಗಂಭೀರ ಆಕ್ಷೇಪ ಬೇರೆಯದು, ಅದು ಗಮನಕ್ಕೆ ಬರಲು ಒಂದು ವರ್ಷವೇ ಹಿಡಿಯಿತು. ಮಸೂರದ ನಡುಭಾಗದಲ್ಲಿ ಮಾತ್ರ ಅಕ್ಷರಗಳು ಸ್ಪಷ್ಟವಾಗಿ ಕಾಣುವುದರಿಂದ, ಕಣ್ಣು ಹೊರಳಿಸಿ ಓದಬೇಕಾದ ಮಾಪಕಗಳನ್ನು ವಿದ್ಯಾರ್ಥಿಗಳು ಇಡೀ ತಲೆಯನ್ನೇ ತಿರುಗಿಸಿ ಓದುವುದಕ್ಕೆ ಒಗ್ಗಿಹೋಗುತ್ತಾರೆ. ನಿಜವಾದ ವಿಮಾನ ಮೋಡದೊಳಗೆ ದೀರ್ಘ ತಿರುವಿನಲ್ಲಿರುವಾಗ ಹಾಗೆ ಥಟ್ಟನೆ ತಲೆಯಾಡಿಸಿದರೆ ಒಳಗಿವಿಯ ದ್ರವ ಕದಡಿ, ವಿಮಾನ ಉರುಳುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಕೊರಿಯೋಲಿಸ್ ಭ್ರಮೆಯೆಂದು ನಾವು ತರಗತಿಯಲ್ಲಿ ಎಚ್ಚರಿಸುವುದು ಇದನ್ನೇ. ಅದಕ್ಕೆ ದಾರಿ ಮಾಡಿಕೊಡುವ ಅಭ್ಯಾಸವನ್ನು ಪಕ್ಕದ ಕೋಣೆಯಲ್ಲಿ ನಾವೇ ರೂಢಿಸುತ್ತಿದ್ದೆವು.

ಐರೋಪ್ಯ ನಿಯಂತ್ರಕ ಸಂಸ್ಥೆಯಾದ ಇಎಎಸ್ಎ 2021ರಲ್ಲಿ ರಾಬಿನ್ಸನ್ ಆರ್22 ಹೆಲಿಕಾಪ್ಟರಿನ ಸಿಮ್ಯುಲೇಟರ್ ಒಂದಕ್ಕೆ ಅನುಮೋದನೆ ನೀಡಿ, ವರ್ಚುವಲ್ ರಿಯಾಲಿಟಿಗೆ ಮೊದಲ ಬಾರಿ ಅಧಿಕೃತ ತರಬೇತಿಯ ಬಾಗಿಲು ತೆರೆಯಿತು. ನಮ್ಮ ಸಾಧನಕ್ಕೆ ಅಂಥ ಮಾನ್ಯತೆಯಿಲ್ಲ, ಇದರಲ್ಲಿ ಕಳೆದ ಗಂಟೆಗಳು ಪರವಾನಗಿಯ ಲೆಕ್ಕಕ್ಕೆ ಸೇರುವುದಿಲ್ಲ. ಸರ್ಕ್ಯೂಟ್, ತುರ್ತು ಕ್ರಮಗಳು ಮತ್ತು ಎಂಜಿನ್ ನಿಂತಾಗ ಇಳಿಯಲು ಹೊಲ ಆರಿಸುವ ಪಾಠಗಳನ್ನು ಹೆಡ್‌ಸೆಟ್‌ನಲ್ಲೇ ಮುಂದುವರಿಸಿದ್ದೇನೆ. ಮಾಪಕ ನೋಡಿ ಹಾರುವ ಪಾಠವನ್ನು ಮಾತ್ರ ಆ ಹಳೆಯ ಮೂರು ಪರದೆಗಳಿಗೇ ಮರಳಿಸಿದ್ದೇನೆ.