ಪಟ್ಟಾ ರಾಶಿ ಮಷಿನ್‌ಗೆ ಮೂರು ಮುದಿ ಟ್ರ್ಯಾಕ್ಟರ್

ಯಲಬುರ್ಗಾ ಕಡೆ ಯರಿ ಹೊಲದಲ್ಲಿ ಕಡಲೆ, ಹಿಂಗಾರಿ ಜೋಳ ಬೆಳೆಯುವವರ ದನದ ಕೊಟ್ಟಿಗೆ ಹಿಂದೆ ಹುಡುಕಿದರೆ ಇನ್ನೂ ಒಂದೊಂದು ಪಟ್ಟಾ ಮಷಿನ್ ಸಿಗುತ್ತದೆ. ದೂರ ನಿಂತ ಟ್ರ್ಯಾಕ್ಟರಿನಿಂದ ಉದ್ದನೆಯ ಚಪ್ಪಟೆ ಪಟ್ಟಾ, ಅಂದರೆ ಬೆಲ್ಟ್, ಹಾಕಿ ತಿರುಗಿಸುವ ರಾಶಿ ಮಷಿನ್ ಅದು. ಈಗ ಎಲ್ಲರೂ ಟ್ರ್ಯಾಕ್ಟರಿನ ಹಿಂದೆ ಇಂಜಿನ್ ಬಲದಿಂದ ತಿರುಗುವ ಪಿಟಿಓಗೆ ಶಾಫ್ಟ್ ಸಿಕ್ಕಿಸಿ ರಾಶಿ ಮಾಡುತ್ತಾರೆ. ಗಂಗಾವತಿ, ಸಿಂಧನೂರು ಕಡೆ ಭತ್ತಕ್ಕೆ ಕೊಯ್ದು ರಾಶಿಯನ್ನೂ ಮಾಡುವ ಕಂಬೈನ್ ಬಂದ ಮೇಲೆ ಕಣ ಮಾಡುವ ಕೆಲಸವೇ ಹೋಯಿತು. ನಮ್ಮ ಹತ್ತಿರ ಇರುವುದು ಹಲ್ಲಿನ ಡ್ರಮ್ಮಿನ ಹಳೇ ಮಷಿನ್. ಮಾರಿದರೆ ಗುಜರಿ ರೇಟು. ಇಟ್ಟುಕೊಂಡರೆ ನಮಗೂ ಅಕ್ಕಪಕ್ಕದವರಿಗೂ ಸಾಕು. ಹಂಗಾಗಿ ಊರಲ್ಲಿ ಓಡುವ ಸ್ಥಿತಿಯಲ್ಲಿರುವ ಮೂರು ಹಳೇ ಗಾಡಿಗಳನ್ನು ಒಂದೊಂದಾಗಿ ಕಟ್ಟಿ ನೋಡಿದೆವು. ಎಚ್‌ಎಂಟಿ ಜೆಟರ್ 2511, ಮ್ಯಾಸಿ ಫರ್ಗುಸನ್ 1035, ಮಹೀಂದ್ರಾ ಬಿ-275.

ಮೂರೂ ಗಾಡಿ ನಮ್ಮ ಕಡೆಯವರಿಗೆ ಗೊತ್ತಿರುವವೇ. ಜೆಟರ್ 2511 ಎರಡು ಸಿಲಿಂಡರಿನ 25 ಎಚ್‌ಪಿ ಗಾಡಿ. ಜೆಕೊಸ್ಲೊವಾಕಿಯಾದ ತಂತ್ರಜ್ಞಾನ ತಂದು ಹರಿಯಾಣದ ಪಿಂಜೋರ್‌ನಲ್ಲಿ ಎಚ್‌ಎಂಟಿ 1971ರಲ್ಲಿ ಟ್ರ್ಯಾಕ್ಟರ್ ಶುರು ಮಾಡಿದ್ದು ಇದರಿಂದಲೇ. ಮ್ಯಾಸಿ 1035ಕ್ಕೆ ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್, ಬಿ-275ಕ್ಕೆ ನಾಲ್ಕು ಸಿಲಿಂಡರ್. ಎರಡೂ ಸುಮಾರು 35 ಎಚ್‌ಪಿ. ಕಾಗದದ ಮೇಲೆ ನೋಡಿದರೆ ಜೆಟರ್ ಸೋಲಬೇಕು, ಅಲ್ವಾ? ಕಣದಲ್ಲಿ ಹಂಗಾಗಲಿಲ್ಲ.

ಮೊದಲು ಪಟ್ಟಾ ಲೆಕ್ಕ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದೆ ಗಾಡಿ ಬೈಯುವವರೇ ಜಾಸ್ತಿ. ಚಪ್ಪಟೆ ಪಟ್ಟಾ ನಿಮಿಷಕ್ಕೆ ಸುಮಾರು 3,100 ಅಡಿ ಓಡಬೇಕು ಅನ್ನುವುದು ಅಮೆರಿಕದ ಹಳೇ ಟ್ರ್ಯಾಕ್ಟರ್ ಕಾಲದಿಂದ ಬಂದ ಅಳತೆ. ಆ ವೇಗದಲ್ಲಿ 20 ಎಚ್‌ಪಿ ಹೊರಲು ಪಟ್ಟಾದ ಮೇಲೆ ಬೀಳುವ ಎಳೆತ ಸುಮಾರು 97 ಕೆಜಿ. ವೇಗ ಅರ್ಧಕ್ಕೆ ಇಳಿಸಿದರೆ ಅದೇ ಕೆಲಸಕ್ಕೆ ಎಳೆತ ಎರಡು ಪಟ್ಟು. ಆಗ ಪಟ್ಟಾ ಜಾರುತ್ತದೆ, ಬಿಸಿಯಾಗಿ ರಬ್ಬರ್ ವಾಸನೆ ಬರುತ್ತದೆ. ಕಡಲೆ ಒಡೆದು ಬ್ಯಾಳಿ ಆಗುತ್ತಿದೆ ಅಂತ ಥ್ರಾಟಲ್ ಇಳಿಸುವವರನ್ನು ಎಷ್ಟೋ ಜನ ನೋಡಿದ್ದೇನೆ. ಇಳಿಸಬಾರದು. ಡ್ರಮ್ಮಿನ ಪುಲ್ಲಿ ದೊಡ್ಡದು ಹಾಕಬೇಕು. ಟ್ರ್ಯಾಕ್ಟರಿನ ಪುಲ್ಲಿ 9 ಇಂಚು ಇದ್ದು ನಿಮಿಷಕ್ಕೆ 1,300 ಸುತ್ತು ತಿರುಗಿದರೆ, ಡ್ರಮ್ಮಿಗೆ 18 ಇಂಚಿನ ಪುಲ್ಲಿ ಇದ್ದಾಗ ಡ್ರಮ್ಮು 650 ಸುತ್ತು. 24 ಇಂಚು ಹಾಕಿದರೆ 490ರ ಹತ್ತಿರ. ನಾವು ಜೋಳಕ್ಕೆ ಮೊದಲನೆಯದು, ಕಡಲೆಗೆ ಎರಡನೆಯದು ಇಟ್ಟುಕೊಂಡೆವು. ಗಾಳಿ ಹಾಕುವ ಫ್ಯಾನ್ ಡ್ರಮ್ಮಿನ ಶಾಫ್ಟಿನಿಂದಲೇ ತಿರುಗುವುದಾದರೆ ಅದರ ಪುಲ್ಲಿಯನ್ನೂ ಬದಲಿಸಬೇಕು. ಇಲ್ಲದಿದ್ದರೆ ಫ್ಯಾನೂ ನಿಧಾನವಾಗಿ ಕಾಳಿನ ಜೊತೆ ಹೊಟ್ಟು ಕೆಳಗೆ ಬೀಳುತ್ತದೆ, ಆಮೇಲೆ ಮೊರ ಹಿಡಿದು ತೂರುವ ಕೆಲಸ.

ಈ ಗಾಡಿಗಳ ಪಕ್ಕದಲ್ಲಿ ಪುಲ್ಲಿ ಇರುವುದಿಲ್ಲ. ಪಿಟಿಓ ಮೇಲೆ ಗೇರಿನ ಪೆಟ್ಟಿಗೆ ಕೂರಿಸಿ, ಅದಕ್ಕೆ ಅಡ್ಡ ಪುಲ್ಲಿ. ಪಿಟಿಓ 540 ಸುತ್ತು ತಿರುಗಿದರೆ ಒಳಗಿನ ಗೇರು ಅದನ್ನು ಜಾಸ್ತಿ ಮಾಡಿ ಪುಲ್ಲಿಗೆ ಕೊಡುತ್ತದೆ. ಪೆಟ್ಟಿಗೆ ಮಗುಚಿ ಕೂರಿಸಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಪಟ್ಟಾವನ್ನು ಎಂಟರ ಆಕಾರದಲ್ಲಿ ಕ್ರಾಸ್ ಹಾಕಿದರೂ ದಿಕ್ಕು ಬದಲಾಗುತ್ತದೆ. ಕ್ರಾಸ್ ಹಾಕಿದರೆ ಪುಲ್ಲಿಗೆ ಪಟ್ಟಾ ಜಾಸ್ತಿ ಸುತ್ತಿಕೊಂಡು ಹಿಡಿತ ಚೆನ್ನಾಗಿರುತ್ತದೆ. ಗಾಳಿಗೆ ಹಾರಾಡುವುದೂ ಕಡಿಮೆ. ಆದರೆ ಕ್ರಾಸ್ ಆಗುವ ಜಾಗದಲ್ಲಿ ಪಟ್ಟಾಕ್ಕೆ ಪಟ್ಟಾ ಉಜ್ಜುತ್ತದೆ. ಜೋಡಿಸಿದ ಕಡೆ ತಂತಿ ಕೊಕ್ಕೆ ಮೇಲೆದ್ದಿದ್ದರೆ ಟಪ್ ಟಪ್ ಅಂತ ಬಡಿಯುತ್ತಲೇ ಇರುತ್ತದೆ.

ಇನ್ನು ಗಾಡಿಗಳ ವಿಷಯ. ಪಟ್ಟಾ ಕೆಲಸಕ್ಕೆ ನಾನು ನೋಡುವುದು ಎಚ್‌ಪಿ ಅಲ್ಲ, ಗವರ್ನರ್. ಲೋಡು ಏರಿಳಿದಾಗ ಡೀಸೆಲ್ ಹೆಚ್ಚು ಕಡಿಮೆ ಮಾಡಿ ಇಂಜಿನ್ ಓಟ ಸಮ ಇಡುವ ಭಾಗ ಅದು. ಕಡಲೆಯನ್ನು ಗಿಡ ಸಮೇತ ಹಾಕುತ್ತೇವೆ. ಒಣಗಿದ ಗಿಡ ಒಂದಕ್ಕೊಂದು ಸಿಕ್ಕಿಕೊಂಡು ಉಂಡೆ ಉಂಡೆಯಾಗಿ ಒಳಗೆ ಹೋಗುತ್ತದೆ. ಒಂದು ಉಂಡೆ ಡ್ರಮ್ಮಿಗೆ ಬಿದ್ದ ಕೂಡಲೇ ಸದ್ದು ದಪ್ಪ ಆಗುತ್ತದೆ. ಪಟ್ಟಾದ ಮೇಲಿನ ಎಳೆ ಬಿಗಿದು ನೆಟ್ಟಗಾಗುತ್ತದೆ, ಕೆಳಗಿನದು ಜೋತು ಬೀಳುತ್ತದೆ. ಇಂಜಿನ್ ಕುಗ್ಗುತ್ತದೆ. ಗವರ್ನರ್ ಚುರುಕಿದ್ದರೆ ಅಷ್ಟರಲ್ಲಿ ಡೀಸೆಲ್ ಜಾಸ್ತಿ ಬಿಟ್ಟು, ಸೈಲೆನ್ಸರಿನಿಂದ ಒಂದು ಕಪ್ಪು ಹೊಗೆ ಬಂದು, ಸದ್ದು ಮತ್ತೆ ಮೊದಲಿನಂತೆ ಆಗುತ್ತದೆ. ಗವರ್ನರ್ ಸೋಮಾರಿಯಾದರೆ ಇಂಜಿನ್ ಕುಗ್ಗುತ್ತಾ ಹೋಗಿ, ಆಮೇಲೆ ಒಮ್ಮೆಲೇ ಎದ್ದು ಬೇಕಾದ್ದಕ್ಕಿಂತ ಜೋರಾಗಿ ಓಡುತ್ತದೆ. ಕುಗ್ಗಿದಾಗ ಹೊಟ್ಟು ಕೆಳಗೆ, ಎದ್ದಾಗ ಕಾಳು ಎರಡು ಹೋಳು. ಜೆಜಿ-11 ಕಡಲೆ ಚೀಲದಲ್ಲಿ ಬ್ಯಾಳಿ ಕಂಡರೆ ದಲಾಲಿ ಮೊದಲು ಕೈ ಹಾಕುವುದೇ ಅದಕ್ಕೆ.

ಗವರ್ನರ್ ಮ್ಯಾಸಿಯದೇ ಚುರುಕಾದರೂ ನಮಗೆ ಕಡಲೆಗೆ ಹಿಡಿಸಿದ್ದು ಜೆಟರ್. ಇಂಜಿನ್ ಚಿಕ್ಕದು, ಡಗ್ ಡಗ್ ಸದ್ದು ಜಾಸ್ತಿ, ಇಡೀ ಗಾಡಿ ನಡುಗುತ್ತದೆ. ಆದರೆ ಉಂಡೆ ಬಿದ್ದಾಗ ಅದು ಕುಗ್ಗುವುದು ಕಿವಿಗೆ ಬೇಗ ಗೊತ್ತಾಗುತ್ತದೆ. ತುಂಬುವವನು ತಾನೇ ಕೈ ತಡೆಯುತ್ತಾನೆ. ದೊಡ್ಡ ಇಂಜಿನ್ ಇದ್ದರೆ ತುಂಬುವವನಿಗೆ ಹುರುಪು ಬಂದು ಸುಮ್ನೆ ತುರುಕುತ್ತಾನೆ, ಕಟ್ಟಿಕೊಂಡ ಮೇಲೆ ಎಲ್ಲರೂ ನಿಲ್ಲಿಸಿ ಬಿಡಿಸಬೇಕು. ಡೀಸೆಲ್ಲೂ ಮೂರರಲ್ಲಿ ಇದಕ್ಕೇ ಕಡಿಮೆ. ತೊಂದರೆ ಏನಂದರೆ ಗಾಡಿ ಹಗುರ. ಪಟ್ಟಾ ಬಿಗಿ ಮಾಡಿದಷ್ಟೂ ಅದು ಮಷಿನ್ ಕಡೆ ಜರುಗುತ್ತದೆ. ಬ್ರೇಕ್ ಹಾಕಿ, ಚಕ್ರದ ಹಿಂದೆ ಕಲ್ಲು ಕೊಟ್ಟರೂ ಯರಿ ಮಣ್ಣಿನಲ್ಲಿ ಕಲ್ಲೇ ಹುಗಿಯುತ್ತದೆ. ಕೊನೆಗೆ ಹಿಂದಿನ ಚಕ್ರಕ್ಕೆ ಸಣ್ಣ ಗುಂಡಿ ತೋಡಿ ನಿಲ್ಲಿಸಿದ ಮೇಲೆ ಅಲುಗಾಡಲಿಲ್ಲ.

ಜೋಳಕ್ಕೆ ಮಾತ್ರ ಮ್ಯಾಸಿ. ನಮ್ಮ ಮಾಲ್ದಂಡಿ ಜೋಳದ ಕಣಕಿ ದನಕ್ಕೆ ಬೇಕು, ಹಂಗಾಗಿ ಮಷಿನ್‌ಗೆ ಹೋಗುವುದು ಬರೀ ತೆನೆ. ತೆನೆ ಒಂದೇ ಸಮ ಹೋಗುತ್ತದೆ, ಉಂಡೆ ಆಗುವುದಿಲ್ಲ. ಆದರೆ ಡ್ರಮ್ಮು ಜೋರಾಗಿ ತಿರುಗಬೇಕು, ಅದೂ ಬಿಡದೆ. ಅಲ್ಲಿ ಜೆಟರ್ ಇಡೀ ಹೊತ್ತು ತುದಿಗಾಲಲ್ಲಿ ನಿಂತಂತೆ ಓಡಿತು. ಮ್ಯಾಸಿ ಆರಾಮಾಗಿ ಎಳೆಯಿತು. ಅದರ ಗವರ್ನರ್ ಮೂರರಲ್ಲಿ ಚುರುಕು ಅಂತಲೇ ನನ್ನ ಮಾತು. ನಮ್ಮ ಕಡೆ ಯಾವ ಊರಿನ ಮೆಕ್ಯಾನಿಕ್ಕಿಗೂ ಈ ಇಂಜಿನ್ ಕಣ್ಣುಮುಚ್ಚಿ ಬಿಚ್ಚಲು ಬರುತ್ತದೆ. ರಾಶಿ ಕಾಲದಲ್ಲಿ ಅದಕ್ಕಿಂತ ದೊಡ್ಡ ಗುಣ ಬೇರೆ ಬೇಕಾ?

ಬಿ-275 ಬಗ್ಗೆ ನ್ಯಾಯವಾಗಿ ಹೇಳಬೇಕು. ನಾಲ್ಕು ಸಿಲಿಂಡರ್ ಇರುವುದರಿಂದ ಓಟ ಮೂರರಲ್ಲೂ ನಯ. ಪಟ್ಟಾ ನೋಡಿದರೇ ಗೊತ್ತಾಗುತ್ತದೆ, ಕುಣಿಯದೆ ಒಂದೇ ಗೆರೆಯಲ್ಲಿ ಓಡುತ್ತದೆ. ತೂಕವೂ ಇದೆ, ನಿಂತಲ್ಲೇ ನಿಲ್ಲುತ್ತದೆ. ನಾವು ತಂದ ಗಾಡಿಯ ಡೀಸೆಲ್ ಪಂಪು ಮಾತ್ರ ಎಷ್ಟೋ ವರ್ಷದಿಂದ ಬಿಚ್ಚಿರಲಿಲ್ಲ, ಲೋಡು ಬಿದ್ದಾಗ ಚೇತರಿಸಿಕೊಳ್ಳಲು ತಡ ಮಾಡುತ್ತಿತ್ತು. ಅದು ಗಾಡಿಯ ವಯಸ್ಸು, ಮಾಡೆಲ್ಲಿನ ದೋಷ ಅಲ್ಲ. ಪಂಪು ರಿಪೇರಿ ಆದ ಮೇಲೆ ಮ್ಯಾಸಿಗೂ ಇದಕ್ಕೂ ಅಂತರ ಕಡಿಮೆಯಾಯಿತು. ಮನೆಯಲ್ಲಿ ಬಿ-275 ಇರುವವರು ಇನ್ನೊಂದು ಗಾಡಿ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ, ಪಂಪಿಗೆ ದುಡ್ಡು ಹಾಕಿ.

ನೀರೆತ್ತುವ 10 ಎಚ್‌ಪಿ ಡೀಸೆಲ್ ಇಂಜಿನ್ನನ್ನೂ ಕಟ್ಟಿದ್ದೆವು. ದೊಡ್ಡ ಚಕ್ರ ಇರುವುದರಿಂದ ಓಟ ಸಮ. ಆದರೆ ಸ್ವಲ್ಪ ಹಸಿ ಗಿಡ ಹೋದರೆ ಮುಗಿಯಿತು. ಕರೆಂಟ್ ಮೋಟರ್ ಮಾತೇ ಬೇಡ. ತ್ರೀ ಫೇಸ್ ಬರುವ ಹೊತ್ತಿಗೂ ಕಡಲೆ ಗರಿಗರಿ ಆಗುವ ಹೊತ್ತಿಗೂ ತಾಳೆಯಾಗುವುದಿಲ್ಲ.

ಗಾಡಿ ಯಾವುದಾದರೂ ಗಾಳಿ ಬರುವ ಕಡೆಗೇ ನಿಲ್ಲಿಸಿ. ಗಾಳಿ ಮೂಡಣದಿಂದ ಬೀಸುತ್ತಿದ್ದರೆ ಟ್ರ್ಯಾಕ್ಟರ್ ಮೂಡಣಕ್ಕೆ, ಹೊಟ್ಟು ಪಡುವಣಕ್ಕೆ. ಉಲ್ಟಾ ಇಟ್ಟರೆ ರೇಡಿಯೇಟರಿನ ಜಾಲಿ ಹೊಟ್ಟಿನಿಂದ ಮುಚ್ಚಿ ನೀರು ಕುದಿಯುತ್ತದೆ. ಎರಡು ಪುಲ್ಲಿ ಒಂದೇ ಸಾಲಿಗೆ ಬಂದಿವೆಯಾ ಅಂತ ಹಗ್ಗ ಹಿಡಿದು ನೋಡಿ. ಪುಲ್ಲಿಯ ನಡುವೆ ಸ್ವಲ್ಪ ಉಬ್ಬು ಇರುತ್ತದೆ, ಪಟ್ಟಾ ತಾನಾಗಿ ಆ ಉಬ್ಬಿಗೆ ಏರುತ್ತದೆ. ಸಾಲು ತಪ್ಪಿದ್ದರೆ ಉಬ್ಬೂ ಏನೂ ಮಾಡಲಾರದು, ಪಟ್ಟಾ ಹಾರಿ ಬೀಳುತ್ತದೆ.

ಓಡುವ ಪಟ್ಟಾ ದಾಟಬಾರದು, ಅದರ ಪಕ್ಕ ಧೋತರ, ಸೆರಗು ಬಿಟ್ಟು ನಿಲ್ಲಬಾರದು. ಈ ಕೆಲಸದಲ್ಲಿ ಕೈ ಹೋಗುವುದು ಹೆಚ್ಚಾಗಿ ತುಂಬುವ ಬಾಯಿಯಲ್ಲಿ. ತುಂಬುವ ತೊಟ್ಟಿ ಕನಿಷ್ಠ 90 ಸೆಂಟಿಮೀಟರ್ ಉದ್ದ, ಅದರಲ್ಲಿ ಒಳಗಿನ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕು ಅನ್ನುವುದು ನಿಯಮ. ರಾಶಿ ಮಷಿನ್‌ಗಳಿಗಾಗಿಯೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂದಿದ್ದು ಸುಮ್ನೆ ಅಲ್ಲ. ಹಳೇ ಮಷಿನ್‌ಗಳ ತೊಟ್ಟಿ ಗಿಡ್ಡ. ನಾವು ತಗಡು ಬೆಸುಗೆ ಹಾಕಿಸಿ ಉದ್ದ ಮಾಡಿಸಿದೆವು.

ಹೊಸ ಪಟ್ಟಾ ಈಗ ಟ್ರ್ಯಾಕ್ಟರ್ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಬಕೆಟ್ಟಿನಿಂದ ಕಾಳು ಮೇಲೆತ್ತುವ ಎಲಿವೇಟರಿಗೆ ಹಾಕುವ ಪದರದ ಪಟ್ಟಾ ಇದಕ್ಕೂ ಆಗುತ್ತದೆ. ಗಿರಣಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಕೇಳಿ. ಸೆಕೆಂಡ್‌ಹ್ಯಾಂಡ್ ಕೊಟ್ಟರೆ ಬೇಡ ಅನ್ನಿ. ಅದರಲ್ಲಿ ಬಕೆಟ್ ಬೋಲ್ಟಿನ ತೂತು ಸಾಲಾಗಿ ಇರುತ್ತದೆ, ಮೊದಲ ಉಂಡೆಗೇ ಅಲ್ಲಿಂದ ಹರಿಯುತ್ತದೆ.