ಸ್ವಿಫ್ಟ್ ಡೀಸೆಲ್‌ಗೆ 5ಡಬ್ಲ್ಯೂ-40 ಆಯಿಲ್: ಬೀದರಿನ ಚಳಿಯಲ್ಲಿ ಸದ್ದು ಎಷ್ಟು ಇಳಿಯಿತು?

ಗಾಡಿ: ಮಾರುತಿ ಸ್ವಿಫ್ಟ್ 1.3 ಡಿಡಿಐಎಸ್, ಬಿಎಸ್4. ಆಯಿಲ್: ಶೆಲ್ ಹೆಲಿಕ್ಸ್ ಅಲ್ಟ್ರಾ 5ಡಬ್ಲ್ಯೂ-40. ಮೊದಲು ಇದ್ದದ್ದು ಮಿನರಲ್ 15ಡಬ್ಲ್ಯೂ-40.

ಡಿಸೆಂಬರ್, ಜನವರಿಯಲ್ಲಿ ಬೀದರಿನ ಬೆಳಗು 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಿನರಲ್ ಆಯಿಲ್ ಇದ್ದಾಗ ಸ್ಟಾರ್ಟ್ ಆದ ಕೂಡಲೇ ಮೇಲಿನಿಂದ ಟಿಕ್‌ಟಿಕ್, ಚೈನ್ ಕವರ್ ಕಡೆಯಿಂದ ಸಣ್ಣ ಗರಗರ. ಈ ಎಂಜಿನ್‌ನಲ್ಲಿ ವಾಲ್ವ್‌ಗಳ ಸಂದು ತುಂಬುವ ಟ್ಯಾಪೆಟ್ ಹೈಡ್ರಾಲಿಕ್, ಅಂದರೆ ಆಯಿಲ್ ಪ್ರೆಷರ್‌ನಿಂದ ಕೆಲಸ ಮಾಡುವಂಥದ್ದು. ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ ಆಯಿಲ್ ಪ್ರೆಷರ್ ಮೇಲೆಯೇ ನಿಂತಿದೆ. ದಪ್ಪ ಆಯಿಲ್ ಅಲ್ಲಿಗೆ ತಲುಪುವಷ್ಟರಲ್ಲಿ ಸದ್ದು ಆಗಿಹೋಗಿರುತ್ತದೆ. 5ಡಬ್ಲ್ಯೂ-40 ಹಾಕಿದ ಮೇಲೆ ಗರಗರ ಒಂದೆರಡು ಸೆಕೆಂಡಿಗೆ ನಿಲ್ಲುತ್ತದೆ, ಟಿಕ್‌ಟಿಕ್ ಎಷ್ಟೋ ದಿನ ಕೇಳಿಸುವುದೇ ಇಲ್ಲ.

ಡಬ್ಬದ ಮೇಲಿನ 5ಡಬ್ಲ್ಯೂ ನೋಡಿ ಮರುಳಾಗಬೇಡಿ. ಡಬ್ಲ್ಯೂ ಮುಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ದಪ್ಪಗಾಗುತ್ತದೆ ಅನ್ನುವುದರ ಗುರುತು, 5ಡಬ್ಲ್ಯೂಗೆ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯೂದು ಮೈನಸ್ 20ರಲ್ಲಿ. ನಮ್ಮ ಕಡೆ ಎರಡೂ ಇಲ್ಲ. ನಮಗೆ ಬೇಕಾದ್ದು ಡೇಟಾ ಶೀಟ್‌ನಲ್ಲಿ 40 ಡಿಗ್ರಿಯ ವಿಸ್ಕಾಸಿಟಿ, ಅಂದರೆ ಆಯಿಲ್ ಎಷ್ಟು ದಪ್ಪ ಅನ್ನುವ ಅಳತೆ: ಇದರದ್ದು ಸುಮಾರು 80 ಸೆಂಟಿಸ್ಟೋಕ್, ಮಿನರಲ್ 15ಡಬ್ಲ್ಯೂ-40ದು ಸಾಮಾನ್ಯವಾಗಿ ನೂರು ದಾಟಿರುತ್ತದೆ. ತಂಪಾದಷ್ಟೂ ಈ ಅಂತರ ಹಿಗ್ಗುತ್ತದೆ. 100 ಡಿಗ್ರಿಯಲ್ಲಿ ಮಾತ್ರ ಎರಡೂ 12.5ರಿಂದ 16.3 ಸೆಂಟಿಸ್ಟೋಕ್‌ನೊಳಗೇ ಇರಬೇಕು, ಹಾಗಾಗಿ ಎಂಜಿನ್ ಬಿಸಿಯಾದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬಿಸಿಯಲ್ಲೂ ಚೈನ್ ಗರಗರ ಎನ್ನುತ್ತಿದ್ದರೆ ಆಯಿಲ್ ಬಿಟ್ಟು ಚೈನ್, ಟೆನ್ಷನರ್ ತೋರಿಸಿ. ಸದ್ದು ಅಡಗಲಿ ಅಂತ ಕೆಲವು ಮೆಕ್ಯಾನಿಕ್‌ಗಳು 20ಡಬ್ಲ್ಯೂ-50 ಸುರಿಯುತ್ತಾರೆ. ಬಿಸಿಯಲ್ಲಿ ಸ್ವಲ್ಪ ಮೆತ್ತಗಾಗುತ್ತದೆ, ಬೆಳಗಿನ ಸದ್ದು ಇನ್ನೂ ಹೆಚ್ಚುತ್ತದೆ, ಸವೆದ ಚೈನ್ ಮಾತ್ರ ಸವೆದೇ ಇರುತ್ತದೆ.

ಡೀಸೆಲ್ಲಿನ ಗಡಗಡ ಬೇರೆ ಲೆಕ್ಕ. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ತಡವಾಗಿ ಹೊತ್ತಿ, ಒಮ್ಮೆಲೇ ಉರಿಯುವ ಸದ್ದು ಅದು. ಯಾವ ಆಯಿಲ್ ಹಾಕಿದರೂ ಹೋಗದು. ಹೀಟರ್ ಪ್ಲಗ್ ಲೈಟ್ ಆರುವವರೆಗೆ ಕಾದು ಸ್ಟಾರ್ಟ್ ಮಾಡಿ. ಆಗಲೂ ಬಿಳಿ ಹೊಗೆ, ಅಲುಗಾಟ ಇದ್ದರೆ ಮಲ್ಟಿಮೀಟರ್‌ನಲ್ಲಿ ನಾಲ್ಕೂ ಪ್ಲಗ್ ನೋಡಿಸಿ: ಒಂದು ಓಮ್ ಆಸುಪಾಸು ತೋರಿಸಿದರೆ ಸರಿ, ಓಪನ್ (ಕರೆಂಟ್ ಹರಿಯದು) ಅಂದರೆ ಸುಟ್ಟಿದೆ.

ಹಾಕುವಾಗ ಎಡವುವುದು ಹೆಚ್ಚಾಗಿ ಅಳತೆಯಲ್ಲಿ. ಫಿಲ್ಟರ್ ಸೇರಿ ಸುಮಾರು 3.2 ಲೀಟರ್ ಹಿಡಿಯುತ್ತದೆ. ಡಬ್ಬ 3.5 ಲೀಟರಿನದ್ದು ಅಂತ ಪೂರ್ತಿ ಬಗ್ಗಿಸಿದರೆ ಕ್ರ್ಯಾಂಕ್ ಬಡಿದು ನೊರೆ ಏಳಬಹುದು. ನೊರೆ ತುಂಬಿದ ಆಯಿಲ್ ಟ್ಯಾಪೆಟ್‌ಗೆ ಹೋದರೆ ಸದ್ದು ಇನ್ನೂ ಜಾಸ್ತಿ. ಎಂಜಿನ್ ಬಿಸಿ ಇದ್ದಾಗ ಹಳೆಯದು ಇಳಿಸಿ, 3 ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದು ಸೇರಿಸಿ. ಮ್ಯಾಕ್ಸ್ ಗೆರೆ ದಾಟಬಾರದು. ಫಿಲ್ಟರ್ ಕ್ಯಾಪಿನ ಓ-ರಿಂಗ್ ಹೊಸದೇ ಇರಲಿ. ಡಬ್ಬದ ಹಿಂದೆ ಎಸಿಇಎ ಎ3/ಬಿ4 (ಯುರೋಪಿನ ಆಯಿಲ್ ಗುಣಮಟ್ಟದ ಗುರುತು) ಇದೆಯೋ ನೋಡಿ. ಪೆಟ್ರೋಲ್ ಗಾಡಿಯ 0ಡಬ್ಲ್ಯೂ-20 ಇದಕ್ಕೆ ಬೇಡವೇ ಬೇಡ.

ಬೆಲೆ ಮಿನರಲ್ಲಿನ ಎರಡು ಪಟ್ಟಿನ ಹತ್ತಿರ. ಬೆಂಗಳೂರಿನಲ್ಲಿ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರು ಸದ್ದಿಗೋಸ್ಕರ ಇಷ್ಟು ಕೊಡುವುದು ದಂಡ. ಬೀದರ್, ಕೊಡಗು, ಊಟಿ ಕಡೆ ಬಯಲಲ್ಲಿ ನಿಲ್ಲುವ ಗಾಡಿಗೆ ಧಾರಾಳವಾಗಿ ಹಾಕಿಸಬಹುದು.

ಒಂದು ಕೊರತೆ: 7-8 ಸಾವಿರ ಕಿ.ಮೀ. ದಾಟಿದ ಮೇಲೆ ಮಸಿ ಸೇರಿ ಆಯಿಲ್ ದಪ್ಪಗಾಗುತ್ತದೆ, ಬೆಳಗಿನ ಟಿಕ್‌ಟಿಕ್ ಮೆಲ್ಲಗೆ ವಾಪಸ್ ಬರುತ್ತದೆ. 10 ಸಾವಿರದ ಸರ್ವಿಸ್ ಜನವರಿಗೆ ಬೀಳುವಂತಿದ್ದರೆ ನವೆಂಬರಿಗೇ ಮಾಡಿಸಿಬಿಡಿ.